ಕಂತು ತೀರಿದ ಸೋಫಾಗೆ ಕಂತು ಕಟ್ಟಿದವಳ ಅಹವಾಲು

ಇವರಿಗೆ,
ಮಾನ್ಯ ಸೋಫಾ-ಕಮ್-ಬೆಡ್ ಅವರು,
ಮುಂಬಾಗಿಲಿನ ಎಡಕ್ಕೆ, ಟಿವಿಯ ಎದುರಿಗೆ,
ನನ್ನ ಅಣ್ಣನ ಮನೆ.

ವಿಷಯ: ತಮ್ಮ ಸೇವೆಯ ಬಗ್ಗೆ ಮೆಚ್ಚುಗೆ, ದೂರು ಮತ್ತು ವಿದಾಯ.

ಮಾನ್ಯರೇ,

ತಮ್ಮ ನಾಲ್ಕು ಕಾಲುಗಳಿಗೂ, ಅದರಲ್ಲಿಯೂ ವಿಶೇಷವಾಗಿ ಬಂದ ದಿನದಿಂದ ಕುಂಟುತ್ತಿರುವ ಹಿಂದಿನ ಎಡಗಾಲಿಗೆ, ಸವಿನಯ ವಂದನೆಗಳು. ತಮ್ಮ ಸ್ಪ್ರಿಂಗುಗಳು, ಮೂರು ಮೆತ್ತೆಗಳು, ಎರಡು ತೋಳುಗಳು ಹಾಗೂ ನನ್ನ ಅಣ್ಣ ಮೂರು ಸಲ ಕಾಫಿ ಚೆಲ್ಲಿದ ಬಲಮೂಲೆ ಕ್ಷೇಮವಾಗಿವೆ ಎಂದು ನಂಬಿದ್ದೇನೆ. ಇತ್ತ ನಾನೂ, ಸೊಂಟದ ಮೇಲಿನ ಒಂದು ಗೇಣು ಜಾಗವನ್ನು ಬಿಟ್ಟರೆ, ಕ್ಷೇಮ. ಆ ಜಾಗದ ವಿಚಾರ ನನಗಿಂತ ತಮಗೇ ಚೆನ್ನಾಗಿ ಗೊತ್ತಿರುವುದರಿಂದ ಅದಕ್ಕೆ ನಿಧಾನವಾಗಿ ಬರುತ್ತೇನೆ.

ದೂರು ಕೊಡುವವರು ಮೊದಲು ತಮ್ಮ ಪರಿಚಯ ಹೇಳಿಕೊಳ್ಳಬೇಕಾದದ್ದು ಶಿಷ್ಟಾಚಾರ. ನಾನು ಎರಡು ವರ್ಷ ಎರಡು ತಿಂಗಳಿಂದ ದಿನವೂ ತಮ್ಮ ಮೇಲೆ ಮಲಗಿ ಎದ್ದವಳು. ಈ ಮನೆಯ ಯಜಮಾನನ ತಂಗಿ. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬೊಂದರಲ್ಲಿ ಹದಿಮೂರು ವರ್ಷದಿಂದ ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು, ಊರಿನ ಎಷ್ಟೋ ಹಿರಿಯರು ಮತ್ತೆ ಅಗಿಯುವಂತೆ ಮಾಡಿದವಳು. ಅಣ್ಣನ ಎಂಟು ವರ್ಷದ ಮಗಳ ಬಾಯಲ್ಲಿ ‘ಹಲ್ಲತ್ತೆ’. ಈ ಪತ್ರವನ್ನು ಗುಟ್ಟಾಗಿಯೇ ಬರೆಯಬಹುದಿತ್ತು. ಆದರೆ ಇಡೀ ಸಂಸಾರ ತಮ್ಮ ಮೇಲೆಯೇ ಕೂರುವುದರಿಂದ ತಮಗೆ ಬರೆದದ್ದು ಯಾವುದೂ ಗುಟ್ಟಾಗಿ ಉಳಿಯುವಂತಿಲ್ಲ. ಹಾಗಾಗಿ ಮೊದಲೇ ಬಹಿರಂಗ ಮಾಡಿದ್ದೇನೆ. ಈಗ ಭಾನುವಾರ ಬೆಳಿಗ್ಗೆ ಎಂಟು ಗಂಟೆ. ಉಳಿದವರೆಲ್ಲ ಬಾಗಿಲುಗಳಿರುವ ಕೋಣೆಗಳಲ್ಲಿ ಮಲಗಿದ್ದಾರೆ. ಹತ್ತಕ್ಕೆ ಸಾಮಾನು ಸಾಗಿಸುವ ಗಾಡಿ ಬರುತ್ತದೆ, ನಾನು ಬಾಡಿಗೆಗೆ ಹಿಡಿದಿರುವ ಒಂಟಿ ಕೋಣೆಗೆ ಹೊರಡುತ್ತೇನೆ, ಅಷ್ಟರೊಳಗೆ ಈ ಅಹವಾಲನ್ನು ತಮಗೆ ಮುಟ್ಟಿಸಬೇಕಾಗಿದೆ.

ತಾವು ಈ ಮನೆಗೆ ಆಗಮಿಸಿದ ಪ್ರಸಂಗವನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅದಕ್ಕೂ ಮುಂಚೆ ನನಗೆ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಿತ್ತು. ಅದರಲ್ಲಿ ಒಂದು ಮಂಚ, ಒಂದು ಕಿಟಕಿ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ. ಮಗು ಒಂದನೇ ತರಗತಿಗೆ ಬಂದ ಕೂಡಲೇ ಅದಕ್ಕೆ ಓದುವ ಕೋಣೆ ಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಮಗುವಿಗೆ ಆಗ ಬೇಕಾಗಿದ್ದದ್ದು ಸೈಕಲ್ಲು, ಆದರೂ ಕೋಣೆ ಕೊಟ್ಟರು. ನಾನು ಎಲ್ಲಿ ಮಲಗುವುದು ಎಂಬ ಪ್ರಶ್ನೆಗೆ ಅಣ್ಣ ಉದಾರವಾಗಿ, “ನಿಂಗೋಸ್ಕರ ಒಂದು ಒಳ್ಳೇ ಸೋಫಾ-ಕಮ್-ಬೆಡ್ ತರೋಣ ಬಿಡು, ರಾಣಿ ಥರ ಮಲ್ಕೊ” ಎಂದ. ಮರುದಿನವೇ ನಾವು ನಾಲ್ವರೂ ಅಂಗಡಿಯಲ್ಲಿ ತಮ್ಮ ದರ್ಶನ ಪಡೆದೆವು. ಅಂಗಡಿಯವರು ಸುಲಭ ಕಂತುಗಳ ಹೊಳೆಯುವ ಕಾಗದವೊಂದನ್ನು ನಮ್ಮ ಕೈಗಿತ್ತು, ಯಾರ ಕಾರ್ಡು ಎಂದು ಕೇಳಿದಾಗ ಅಣ್ಣನ ಕುತ್ತಿಗೆ, ಅತ್ತಿಗೆಯ ಕುತ್ತಿಗೆ ಮತ್ತು ಮಗುವಿನ ಕುತ್ತಿಗೆ ಒಟ್ಟಿಗೆ ನನ್ನ ಕಡೆ ತಿರುಗಿದವು. ಹೀಗೆ ನನ್ನನ್ನು ಕೋಣೆಯಿಂದ ಹೊರಗೆ ಹಾಕಿದ ಖರ್ಚನ್ನು ನಾನೇ ಹೊತ್ತೆ. ಆ ಹೊಳೆಯುವ ಕಾಗದವನ್ನು ಮನೆಗೆ ತಂದು ನಾಲ್ಕು ಮಡಿಕೆ ಮಾಡಿ ತಮ್ಮ ಕುಂಟುಗಾಲಿನ ಕೆಳಗೆ ಇಟ್ಟೆವು. ಆ ಕಾಗದದಿಂದ ನನಗಾದ ಉಪಕಾರ ಅದೊಂದೇ.

ಅಣ್ಣನ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಸ್ಟೀರಿಂಗನ್ನು ಬೇರೆಯವರ ಕೈಗೆ ಕೊಟ್ಟು, ತಾನು ಪಕ್ಕದ ಸೀಟಿನಲ್ಲಿ ಕೂತು, ಇನ್ನೊಂದು ಬ್ರೇಕನ್ನು ಮಾತ್ರ ತನ್ನ ಕಾಲಡಿಯಲ್ಲೇ ಇಟ್ಟುಕೊಳ್ಳುವುದು ಅವನ ಉದ್ಯೋಗ. ಮನೆಯಲ್ಲೂ ಅದೇ ಪದ್ಧತಿ. “ಕಂತು ನಾನು ಕಟ್ತೀನಿ, ನೀನು ತಲೆ ಕೆಡಿಸ್ಕೋಬೇಡ” ಎಂದವನು ಎರಡು ಕಂತು ಕಟ್ಟಿದ, ಮೂರನೆಯ ತಿಂಗಳು ಬ್ರೇಕು ಒತ್ತಿದ. ಅವನ ಮೇಲೆ ನನಗೆ ದ್ವೇಷವಿಲ್ಲ. ಅಪ್ಪ ತೀರಿಕೊಂಡ ವರ್ಷ ನನ್ನ ಡಿಪ್ಲೊಮಾದ ಫೀಸನ್ನು ತನ್ನ ಸ್ಕೂಟರ್ ಮಾರಿ ಕಟ್ಟಿದವನು ಅವನೇ, ಮತ್ತು ಆ ವಿಷಯವನ್ನು ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಅವನು ನೆನಪಿಸಿದ್ದೂ ಇಲ್ಲ.

ಇನ್ನು ತಮ್ಮ ಸೇವೆಯ ವಿಚಾರ. ತಾವು ಹಗಲೆಲ್ಲ ಸೋಫಾ, ಎಲ್ಲರೂ ಎದ್ದು ಹೋದ ಮೇಲೆ ಮಾತ್ರ ಹಾಸಿಗೆ. ಟಿವಿಯಲ್ಲಿ ಸುದ್ದಿ ಮುಗಿದು, ಸುದ್ದಿಯ ಬಗ್ಗೆ ಅಣ್ಣನ ಚರ್ಚೆ ಮುಗಿದು, ಬಂದ ನೆಂಟರು ಬಾಗಿಲಲ್ಲಿ ನಿಂತು ಆಡುವ ಕೊನೆಯ ಮಾತುಗಳೂ ಮುಗಿಯುವ ತನಕ ಕಾದು ಕೂರುವ ತಾಳ್ಮೆಯನ್ನು ನನಗೆ ಕಲಿಸಿದವರು ತಾವು. ಬೆಳಗಾಗುವ ಮುನ್ನ ಎದ್ದು, ಹೊದಿಕೆ ಮಡಚಿ, ನಾನಿಲ್ಲಿ ಮಲಗಿಯೇ ಇರಲಿಲ್ಲ ಎಂಬಂತೆ ತಮ್ಮನ್ನು ಮತ್ತೆ ಸೋಫಾ ಮಾಡುವ ಶಿಸ್ತನ್ನು ಕಲಿಸಿದವರೂ ತಾವೇ. ಎಲ್ಲಕ್ಕಿಂತ ಮಿಗಿಲಾಗಿ, ಮಡಿಕೆ ಕೂಡುವ ಜಾಗದಲ್ಲಿ ಅಡ್ಡಲಾಗಿ ಹಾದುಹೋಗಿರುವ ಆ ಕಬ್ಬಿಣದ ಕಂಬಿ! ಕಷ್ಟಕಾಲದಲ್ಲಿ ಬೆನ್ನಿಗೆ ನಿಲ್ಲುವವರು ಸಿಗುವುದು ಅಪರೂಪ ಎನ್ನುತ್ತಾರೆ. ತಾವು ಎರಡು ವರ್ಷ ಎರಡು ತಿಂಗಳಲ್ಲಿ ಒಂದು ದಿನವೂ ರಜೆ ಹಾಕದೆ ನನ್ನ ಬೆನ್ನಿಗೆ ನಿಂತಿರಿ. ಎಡಕ್ಕೆ ಹೊರಳಿದರೆ ಪಕ್ಕೆಗೆ, ಬಲಕ್ಕೆ ಹೊರಳಿದರೆ ಸೊಂಟಕ್ಕೆ. ನಿದ್ದೆ ಹತ್ತಿದರೆ ಸಾಲ ಮರೆತುಹೋದೀತು ಎಂಬ ಕಾಳಜಿ ತಮ್ಮದು.

ಹೌದು, ಸಾಲ. ಇಲ್ಲಿ ನನ್ನ ಪೆದ್ದುತನವನ್ನೂ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ದೂರು ಏಕಪಕ್ಷೀಯವಾಗುತ್ತದೆ. ಅಣ್ಣ ಕೈಬಿಟ್ಟ ಮೇಲೆ, ಬ್ಯಾಂಕಿನವರು ಪ್ರತಿ ತಿಂಗಳ ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದು ಬರೆದು ಕಳಿಸುತ್ತಿದ್ದ ಪುಟ್ಟ ಅಂಕಿಯನ್ನೇ ನಾನು ಹತ್ತು ತಿಂಗಳು ಭಕ್ತಿಯಿಂದ ಕಟ್ಟಿದೆ. ನಮ್ಮ ಕಸುಬಿನಲ್ಲಿ ಎತ್ತರ ಜಾಸ್ತಿಯಾದ ಹಲ್ಲನ್ನು ಒಂದೇ ಸಲಕ್ಕೆ ಕೊರೆಯುವುದಿಲ್ಲ; ಚೂರು ಉಜ್ಜುವುದು, ಕಚ್ಚಿಸಿ ನೋಡುವುದು, ಮತ್ತೆ ಚೂರು ಉಜ್ಜುವುದು. ಹೀಗೆ ಉಜ್ಜಿದರೆ ಎಂಥದ್ದೂ ಸವೆಯುತ್ತದೆ ಎಂಬುದು ಹದಿಮೂರು ವರ್ಷದ ನನ್ನ ಅನುಭವ. ಸಾಲವೂ ಹಾಗೆಯೇ ಸವೆಯುತ್ತಿದೆ ಎಂದುಕೊಂಡಿದ್ದೆ. ಕಟ್ಟಿದ್ದೆಲ್ಲ ಬಡ್ಡಿಗೇ ಹೋಗುತ್ತಿತ್ತು; ಉಜ್ಜಿದಷ್ಟೂ ಬೆಳೆಯುವ ಹಲ್ಲನ್ನು ನಾನು ಕಂಡದ್ದು ಅದೇ ಮೊದಲು. ಆ ನಡುವೆ ಅದೇ ಕಾರ್ಡಿನಲ್ಲಿ ವಾಷಿಂಗ್ ಮೆಷಿನ್ನಿನ ರಿಪೇರಿ, ಕೊನೆಗೂ ಬಂದ ಸೈಕಲ್ಲು, ಅಣ್ಣನ ಕಾರಿನ ಎರಡು ಟೈರುಗಳೂ ಸೇರಿಕೊಂಡವು. ಹತ್ತು ತಿಂಗಳ ಬಳಿಕ ಬಿಲ್ಲನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಾಗ, ಬಾಕಿ ತಮ್ಮ ಬೆಲೆಯ ಒಂದೂವರೆ ಪಟ್ಟಾಗಿತ್ತು. ಅಂದು ಮೊದಲ ಬಾರಿಗೆ ನಾನು ತಮ್ಮ ಮೇಲೆ ಕೂತು ಅತ್ತೆ. ಯಾರಾದರೂ ನೋಡಿದರೆ ಎಂದು ಟಿವಿ ಹಾಕಿಕೊಂಡು ಅತ್ತೆ, ಏಕೆಂದರೆ ಅಳುವುದಕ್ಕೂ ಒಂದು ಚಿಲಕವಿರುವ ಬಾಗಿಲು ಬೇಕು, ಅದು ನನಗಿರಲಿಲ್ಲ.

ಆ ವಾರವೇ ಹೊಲಿಗೆ ಅಂಗಡಿಯೊಂದರ ಮಹಡಿಯ ಮೇಲೆ ಖಾಲಿಯಾಗಲಿದ್ದ ಒಂಟಿ ಕೋಣೆಯ ಸುದ್ದಿ ಸಿಕ್ಕಿತು. ಹೋಗಿ ನೋಡಿದೆ. ಹತ್ತು ಹೆಜ್ಜೆ ಉದ್ದ, ಏಳು ಹೆಜ್ಜೆ ಅಗಲ, ಮೂಲೆಯಲ್ಲಿ ಒಂದು ನಲ್ಲಿ, ಬಾಗಿಲಿಗೆ ಒಳಗಿನಿಂದ ಒಂದಲ್ಲ, ಎರಡು ಚಿಲಕ. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಸಣ್ಣಗೆ ಬರುತ್ತಿತ್ತು. ಮಾಲೀಕರು ನಿವೃತ್ತ ನರ್ಸಮ್ಮ. ಅವರ ಷರತ್ತು ಒಂದೇ: “ಬಾಡಿಗೆ ಹೆಚ್ಚುಕಡಿಮೆ ಮಾಡ್ಕೊಳ್ಳೋಣ ಕಣಮ್ಮ, ಆದ್ರೆ ಸಾಲ ವಸೂಲಿಯವರು ಬಂದು ನನ್ನ ಬಾಗಿಲು ಬಡಿಯೋದು ಬೇಡ. ಹಿಂದಿನೋರ ಕಾಲದಲ್ಲಿ ಸಾಕಾಗಿಹೋಗಿದೆ. ಬಾಕಿ ಏನೂ ಇಲ್ಲ ಅಂತ ಬ್ಯಾಂಕಿಂದ ಬರೆಸ್ಕೊಂಡು ಬಾ, ಕೀ ತಗೊಂಡು ಹೋಗು.” ನನ್ನ ಸಾಲ ತೀರುವಷ್ಟು ದಿನ ಅವರು ಕಾಯುವವರಲ್ಲ ಎಂದುಕೊಂಡೆ. ಆದರೆ ಅವರ ಕೆಳಗಿನ ಹಲ್ಲಿನ ಸೆಟ್ಟು ಸಡಿಲವಾಗಿತ್ತು, ನಾನು ಅದನ್ನು ಸರಿಮಾಡಿಕೊಟ್ಟೆ, ಅವರು ಸದ್ಯಕ್ಕೆ ತಮ್ಮ ಅಕ್ಕನ ಮಗನನ್ನು ಕೋಣೆಯಲ್ಲಿ ಇಟ್ಟುಕೊಂಡು ನನಗೆ ಹದಿನಾಲ್ಕು ತಿಂಗಳ ಗಡುವು ಕೊಟ್ಟರು.

ಆ ಹದಿನಾಲ್ಕು ತಿಂಗಳು ನಾನು ಹೇಗೆ ಬದುಕಿದೆ ಎಂಬುದಕ್ಕೆ ತಾವೇ ಸಾಕ್ಷಿ. ಭಾನುವಾರಗಳೂ ಲ್ಯಾಬಿಗೆ ಹೋಗಿ, ಒಂದೊಂದು ಸೆಟ್ಟಿಗೆ ಇಷ್ಟೆಂದು ಮಾತಾಡಿಕೊಂಡು ಪಾಲಿಶ್ ಮಾಡಿದೆ. ಬಸ್ಸು ಬಿಟ್ಟು ನಡೆದೆ. ಬೇರೆಯವರಿಗೆ ಮುಂದಿನ ಹಲ್ಲು ಮೂಡಿಸಿ ನಗಿಸುತ್ತಿದ್ದವಳು ಮನೆಗೆ ಬಂದು ಹಲ್ಲು ಕಚ್ಚಿಕೊಂಡು ಕೂತೆ. ಅತ್ತಿಗೆ, “ಏನು ಇತ್ತೀಚೆಗೆ ಜಿಪುಣಿ ಆಗ್ಬಿಟ್ಟಿದೀಯಲ್ಲ, ಗಂಟು ಯಾರಿಗೆ?” ಎಂದು ತಮಾಷೆ ಮಾಡಿದಾಗ ನಕ್ಕುಬಿಟ್ಟೆ. ಕೋಣೆಯ ವಿಷಯ ಹೇಳಲಿಲ್ಲ. ಹೇಳಿದರೆ ಬ್ರೇಕು ಬೀಳುತ್ತದೆಂದು ಗೊತ್ತಿತ್ತು. ಕಳೆದ ತಿಂಗಳ ಕೊನೆಗೆ ಸಂಬಳ ಬಂದಂದು ಕಡೆಯ ಕಂತು ಕಟ್ಟಿ, ಬಾಕಿ ಸೊನ್ನೆ ಎಂದು ಬಂದ ಸಂದೇಶವನ್ನು ತಮ್ಮ ಮೇಲೆ ಕೂತೇ ಏಳು ಸಲ ಓದಿದೆ. ಬ್ಯಾಂಕಿಗೆ ಅರ್ಜಿ ಕೊಟ್ಟೆ: ಕಾರ್ಡು ಮುಚ್ಚಿ, ಪತ್ರ ಕೊಡಿ. ಅವರು ಎರಡು ವಾರ ಎಂದರು. ನರ್ಸಮ್ಮನ ಗಡುವಿಗೆ ಉಳಿದಿದ್ದದ್ದೂ ಎರಡೇ ವಾರ.

ಈಗ ತಮಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ತಿಳಿಸಬೇಕು. ದಯವಿಟ್ಟು ಸ್ಪ್ರಿಂಗು ಬಿಗಿ ಹಿಡಿದುಕೊಳ್ಳಿ. ಈ ಮನೆಯಲ್ಲಿ ಯಾವುದಾದರೂ ಖಾಲಿಯಾಯಿತೆಂದರೆ ಅದನ್ನು ತುಂಬಿಸುವ ಪದ್ಧತಿಯಿದೆ. ಸಾಲ ತೀರಿದ ಸಂತೋಷವನ್ನು ತಡೆಯಲಾರದೆ ನಾನು ಅಷ್ಟನ್ನು ಮಾತ್ರ ಮನೆಯಲ್ಲಿ ಹೇಳಿದೆ. ಅಣ್ಣನ ಮುಖ ಅರಳಿತು. “ಹಂಗಾದ್ರೆ ಕಾರ್ಡು ಈಗ ಫ್ರೀ ಆಯ್ತು ಅನ್ನು!” ಎಂದ. ಎರಡು ವರ್ಷದ ಹಿಂದೆ ಪೆಟ್ರೋಲಿಗೆಂದು ನನ್ನ ಖಾತೆಯ ಮೇಲೆಯೇ ಅವನ ಹೆಸರಿನಲ್ಲಿ ಇನ್ನೊಂದು ಕಾರ್ಡು ಮಾಡಿಸಿ ಕೊಟ್ಟಿದ್ದೆ. ಅದನ್ನು ವಾಪಸ್ ಕೇಳುವುದು ನನಗೆ ಹೊಳೆಯಲೇ ಇಲ್ಲ. ಮಂಗಳವಾರ ಲ್ಯಾಬಿನಲ್ಲಿ ಒಂದು ಮೇಲ್ದವಡೆಗೆ ಮೇಣ ತುಂಬುತ್ತಿರುವಾಗ ಮೊಬೈಲು ಸದ್ದು ಮಾಡಿತು. ಅದೇ ಅಂಗಡಿ, ನನ್ನದೇ ಖಾತೆ, ಹೊಸದೊಂದು ಮುಂಗಡ. ವಿಚಾರಿಸಿದರೆ ತಿಳಿದದ್ದು ಇಷ್ಟು: ಹಳೆಯ ಸೋಫಾ ಕೊಟ್ಟು ಮೂಲೆ ತಿರುಗುವ ಐದು ಜನರ ಹೊಸ ಸೋಫಾ ಒಯ್ಯುವ ಯೋಜನೆಯಲ್ಲಿ ಅಣ್ಣ ತಮ್ಮನ್ನು ಹಾಕಿಬಿಟ್ಟಿದ್ದ. ಮಾನ್ಯರೇ, ಅವರೆಲ್ಲ ತಮ್ಮ ಮೇಲೆಯೇ ಕೂತು ತಮ್ಮನ್ನು ಮಾರಿದ್ದರು. ಅಂದಿನಿಂದ ನನಗೆ ತಮ್ಮ ಮೇಲೆ ಸ್ವಲ್ಪ ಅಕ್ಕರೆ ಹುಟ್ಟಿದ್ದು ಸುಳ್ಳಲ್ಲ.

ಊಟದ ಬಿಡುವಿನಲ್ಲಿ ಮೇಣ ಮೆತ್ತಿದ ಏಪ್ರನ್ನಿನಲ್ಲೇ ಅಂಗಡಿಗೆ ಓಡಿದೆ. ಕೌಂಟರಿನವರು ಬಹಳ ಮರ್ಯಾದಸ್ಥರು. “ಅಡ್ವಾನ್ಸ್ ವಾಪಸ್ ಬರಲ್ಲ ಮೇಡಂ, ಬೇಕಿದ್ರೆ ಅಷ್ಟೇ ರೇಟಿಂದು ಬೇರೆ ಐಟಂ ತಗೊಳ್ಳಿ” ಎಂದರು. ಸುತ್ತ ನೋಡಿದೆ. ಗೋಡೆಗೆ ಒಂದು ಹಾಸಿಗೆ ಒರಗಿಸಿದ್ದರು: ಒಬ್ಬರಿಗೆ ಮಾತ್ರ ಸಾಲುವ, ಮಡಚಲು ಬಾರದ, ಒಳಗೆ ಯಾವ ಕಂಬಿಯೂ ಇಲ್ಲದ ಹಾಸಿಗೆ. ಅಂಗಡಿಯವರ ಎದುರಿಗೇ ಅದರ ಮೇಲೆ ಮಲಗಿದೆ. ಕೈಕಾಲು ಚಾಚಿದೆ. ಹೊಸ ಸೋಫಾ ರದ್ದು ಮಾಡಿಸಿ ಅದನ್ನೇ ಬರೆಸಿದೆ, ತಾವೂ ಉಳಿದುಕೊಂಡಿರಿ. ಒಲೆಗೆ, ಪರದೆಗೆ, ಎರಡು ಪಾತ್ರೆಗೆ ಎಂದು ಎತ್ತಿಟ್ಟಿದ್ದ ಹಣವನ್ನು ಅಂದೇ ಬ್ಯಾಂಕಿಗೆ ಕಟ್ಟಿ ಬಾಕಿಯನ್ನು ಮತ್ತೆ ಸೊನ್ನೆಗೆ ತಂದೆ. ಆದ್ದರಿಂದ ಹೊಸ ಮನೆಯಲ್ಲಿ ಸದ್ಯಕ್ಕೆ ಒಲೆಯಿಲ್ಲ, ಹಾಸಿಗೆಯಿದೆ. ಆ ಖಾತೆಯಲ್ಲಿ ನಿಜವಾಗಿಯೂ ನನಗೋಸ್ಕರ ಕೊಂಡ ಮೊದಲ ವಸ್ತು ಅದು, ಅದನ್ನೂ ಅಣ್ಣನೇ ಕೊಡಿಸಿದಂತಾಯಿತು. ಅವನಿಗೆ ನನ್ನ ಕೃತಜ್ಞತೆಗಳು.

ಮೊನ್ನೆ ಶುಕ್ರವಾರ ಬ್ಯಾಂಕಿನ ಪತ್ರ ಬಂತು. ಅದನ್ನು ನರ್ಸಮ್ಮನಿಗೆ ತೋರಿಸಿ ಕೀ ತಂದು ಟಿವಿಯ ಮುಂದೆ ಇಟ್ಟು ವಿಷಯ ಹೇಳಿದೆ. ಅತ್ತಿಗೆ ಟಿವಿಯ ಸದ್ದು ಕಡಿಮೆ ಮಾಡಿದರು. ಅಣ್ಣ ಕೀ ಎತ್ತಿ ನೋಡಿ, “ನಾವೇನು ಕಮ್ಮಿ ಮಾಡಿದ್ವಿ ನಿಂಗೆ? ಮಲಗೋಕೆ ಅಂತಾನೇ ಅಷ್ಟು ದುಡ್ಡು ಸುರಿದು ಇದನ್ನ ತಂದಿಲ್ವಾ?” ಎಂದು ತಮ್ಮ ತೋಳನ್ನು ತಟ್ಟಿದ. ಆಗ ತಾವು ಏನಾದರೂ ಹೇಳುತ್ತೀರೆಂದು ನಾನು ಕಾದೆ. ತಾವು ಎಂದಿನಂತೆ ಘನತೆಯಿಂದ ಸುಮ್ಮನಿದ್ದಿರಿ. ನನ್ನ ಮುಖ್ಯ ದೂರು ಇದೇ. ದುಡ್ಡು ಸುರಿದವರು ಯಾರೆಂದು ಬಲ್ಲವರು ನನ್ನನ್ನು ಬಿಟ್ಟರೆ ತಾವೊಬ್ಬರೇ, ತಮ್ಮ ಬಾಯಿಗೋ ಮೂರು ಮೆತ್ತೆ ತುರುಕಿದೆ.

ಆದಕಾರಣ ತಮ್ಮಲ್ಲಿ ಕೆಲವು ಚಿಕ್ಕಪುಟ್ಟ ಬಿನ್ನಹಗಳಿವೆ. ನಾನು ಹೋದ ಮೇಲೆ ಬರುವ ನೆಂಟರ ಮುಂದೆ, “ಅವಳಿಗೆ ಏನು ಹುಚ್ಚೋ, ಒಂಟಿಯಾಗಿ ಹೋದಳು” ಎಂಬ ಮಾತು ಬಂದಾಗಲೆಲ್ಲ, ಮಾತಾಡಿದವರು ಯಾರೇ ಆಗಲಿ, ತಾವು ಒಂದು ಸ್ಪ್ರಿಂಗನ್ನು ಸೂಕ್ತ ಜಾಗದಲ್ಲಿ ಮೇಲಕ್ಕೆತ್ತಬೇಕು. ತಮ್ಮನ್ನು ನನ್ನೊಂದಿಗೆ ಕರೆದೊಯ್ಯುವ ಆಸೆ ನನಗಿಲ್ಲದಿದ್ದರೂ ಶಿಷ್ಟಾಚಾರಕ್ಕೆ ದಾರದಲ್ಲಿ ಅಳೆದು ನೋಡಿದ್ದೇನೆ, ಆ ಮೆಟ್ಟಿಲಿನ ತಿರುವಿನಲ್ಲಿ ತಾವು ಹಿಡಿಸುವುದಿಲ್ಲ. ಹಾಗಾಗಿ ಎಂದಾದರೂ ನೋಡಲು ಬರುವುದಾದರೆ ತೋಳುಗಳನ್ನು ಇಲ್ಲೇ ಬಿಚ್ಚಿಟ್ಟು, ಉಸಿರು ಬಿಗಿಹಿಡಿದು, ಪಕ್ಕಕ್ಕೆ ತಿರುಗಿ, ಒಬ್ಬರೇ ಹತ್ತಿ ಬರಬೇಕು, ಬರುವಾಗ ಫೋನು ಮಾಡಬೇಕು, ಏಕೆಂದರೆ ಇನ್ನು ಮೇಲೆ ನನ್ನ ಬಾಗಿಲನ್ನು ತಟ್ಟಿದ ಮೇಲೆಯೇ ತೆಗೆಯುವುದು. ಮಗು ಮಾತ್ರ ಯಾವಾಗ ಬೇಕಾದರೂ ಬರಬಹುದು.

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆದರೆ ನಿನ್ನೆ ಸಂಜೆ ನಡೆದದ್ದನ್ನು ದಾಖಲಿಸದಿದ್ದರೆ ತಮಗೆ ಅನ್ಯಾಯವಾಗುತ್ತದೆ. ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ಮಗು ತಮ್ಮ ಮೇಲೆ ಕಾಲು ಆಡಿಸುತ್ತ ಕೂತಿತ್ತು. “ಹಲ್ಲತ್ತೆ, ನಾಳೆಯಿಂದ ಇದರ ಮೇಲೆ ಯಾರು ಮಲ್ಕೋತಾರೆ?” ಎಂದು ಕೇಳಿತು. ಆಗ ಅಣ್ಣ ಎದ್ದು ಬಂದು, ಏನು ಅನ್ನಿಸಿತೋ, ತಮ್ಮನ್ನು ಬಿಡಿಸಲು ಹೊರಟ. ಎಳೆಯಬೇಕಾದ ಹಿಡಿ ಯಾವುದೆಂದು ಅವನಿಗೆ ತಿಳಿಯಲಿಲ್ಲ. ತಪ್ಪು ಕಡೆ ಎಳೆದ, ಬೆರಳು ಸಿಕ್ಕಿಸಿಕೊಂಡ. “ಎಡಗಡೆ ಹಿಡಿ, ಮಂಡಿ ಕೊಟ್ಟು ಒತ್ತು” ಎಂದು ಹೇಳಿಕೊಟ್ಟೆ. ಜೀವಮಾನದಲ್ಲಿ ನಾನು ಅವನಿಗೆ ಏನನ್ನಾದರೂ ಓಡಿಸಲು ಕಲಿಸಿದ್ದು ಅದೊಂದೇ ಸಲ. ಬಿಡಿಸಿ, ಅಂಗಾತ ಮಲಗಿ, ಚಾವಣಿ ನೋಡಿದ. ಒಂದು ನಿಮಿಷವೂ ಆಗಿರಲಿಲ್ಲ. ಎದ್ದು ಕೂತು, ಬೆನ್ನ ಹಿಂದೆ ಕೈ ಹಾಕಿ ತಡಕಿ, “ಏಯ್, ಇದ್ರಲ್ಲಿ ಕಂಬಿ ಚುಚ್ಚುತ್ತೆ ಕಣೇ” ಎಂದ.

ಎರಡು ವರ್ಷ ಎರಡು ತಿಂಗಳು ಮಾನ್ಯರೇ. ಅವನಿಗೆ ಒಂದು ನಿಮಿಷ ಸಾಕಾಯಿತು. ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಜೊತೆಗೇ ಅಳುವೂ ಬಂದದ್ದರಿಂದ ಯಾವುದನ್ನೂ ಸರಿಯಾಗಿ ಮಾಡಲಾಗಲಿಲ್ಲ. “ಹೌದು, ಚುಚ್ಚುತ್ತೆ” ಎಂದಷ್ಟೇ ಹೇಳಿದೆ. ಅವನು “ಹೇಳ್ಬಾರ್ದಾಗಿತ್ತಾ?” ಎಂದು ಕೇಳಬಹುದೆಂದು ಕಾದೆ, ಕೇಳಿದರೆ ಹೇಳಲು ಹದಿನಾಲ್ಕು ತಿಂಗಳ ಮಾತು ಕೂಡಿಟ್ಟಿದ್ದೆ. ಅವನು ಕೇಳಲಿಲ್ಲ. ಜೇಬಿನಿಂದ ಆ ಇನ್ನೊಂದು ಕಾರ್ಡನ್ನು ತೆಗೆದು ತಮ್ಮ ತೋಳಿನ ಮೇಲೆ ಇಟ್ಟು, ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ.

ಗಾಡಿಯ ಹಾರ್ನ್ ಕೇಳಿಸುತ್ತಿದೆ. ತಮ್ಮ ಮಾಲೀಕತ್ವದ ಬಿಲ್ಲು ನನ್ನ ಹೆಸರಿನಲ್ಲಿದ್ದು, ತಮ್ಮ ಎರಡು ವರ್ಷದ ಗ್ಯಾರಂಟಿ ಎರಡು ತಿಂಗಳ ಹಿಂದೆಯೇ ಮುಗಿದಿದೆ. ಎರಡನ್ನೂ ಈ ಮನೆಗೆ ಉಡುಗೊರೆಯಾಗಿ ಬಿಟ್ಟಿದ್ದೇನೆ. ಈ ಪತ್ರವನ್ನು ಟಿವಿಯ ರಿಮೋಟು ಜಾರಿ ಬೀಳುವ ನಡುಮೆತ್ತೆಯ ಸಂದಿನಲ್ಲಿ ಇಡುತ್ತೇನೆ. ಹನ್ನೊಂದರ ಸುದ್ದಿಗೆ ಮುಂಚೆ ಎಲ್ಲರೂ ಓದಿರುತ್ತಾರೆ.

ತಮ್ಮ ವಿಶ್ವಾಸಿ, ಹಾಗೂ ಇಂದು ರಾತ್ರಿಯಿಂದ ತಮ್ಮ ಯಾರೂ ಅಲ್ಲದ,
ಹಲ್ಲತ್ತೆ

ತಾ.ಕ.: ಅಣ್ಣ ವಾಪಸ್ ಕೊಟ್ಟ ಕಾರ್ಡನ್ನು ಕತ್ತರಿಯಿಂದ ನಾಲ್ಕು ತುಂಡು ಮಾಡಿ, ಸುಲಭ ಕಂತಿನ ಕಾಗದವನ್ನು ತೆಗೆದು, ಆ ಜಾಗದಲ್ಲಿ ಒಂದರ ಮೇಲೊಂದು ಜೋಡಿಸಿ ತಮ್ಮ ಕುಂಟುಗಾಲಿನ ಕೆಳಗೆ ಇಟ್ಟಿದ್ದೇನೆ. ಅಲುಗಾಡಿಸಿ ನೋಡಿದೆ, ಭದ್ರವಾಗಿದೆ. ನನ್ನ ಕಾರ್ಡಿನಿಂದ ಈ ಮನೆಗೆ ಇನ್ನು ಮುಂದೆ ಸಿಗುವ ಆಸರೆ ಅಷ್ಟೇ ಎಂದು ಕೂರುವವರಿಗೆ ತಿಳಿಸಿ.